ಶಿಲುಬೆಯ ಮೇಲಿನ ದೇಹ ನೋಡುವವರ ಮನಸ್ಸಿಗೆ ಏನು ಮಾಡುತ್ತದೆ?

ಕೊಡಗಿನ ಯಾವ ಕ್ಯಾಥೋಲಿಕ್ ಚರ್ಚಿಗಾದರೂ ಹೋಗಿ. ವಿರಾಜಪೇಟೆಯದ್ದು, ಮಡಿಕೇರಿಯದ್ದು, ಇಲ್ಲಾ ಕಾಫಿ ತೋಟದ ಲೈನ್ ಮನೆಗಳ ಹತ್ತಿರದ ಒಂದು ಪುಟ್ಟ ಪ್ರಾರ್ಥನಾ ಮಂದಿರ, ಯಾವುದಾದರೂ ಸರಿ. ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವುದು ಸಾಯುತ್ತಿರುವ ಒಬ್ಬ ಮನುಷ್ಯನ ದೇಹ. ಕೈಕಾಲಿಗೆ ಮೊಳೆ, ತಲೆಗೆ ಮುಳ್ಳಿನ ಕಿರೀಟ, ಪಕ್ಕೆಯಲ್ಲಿ ಈಟಿ ತಿವಿದ ಗಾಯ. ಅಷ್ಟಕ್ಕೇ ಮುಗಿಯುವುದಿಲ್ಲ. ಎರಡೂ ಬದಿಯ ಗೋಡೆಗಳಲ್ಲಿ ಸಾಲಾಗಿ 14 ಚಿತ್ರಗಳಿರುತ್ತವೆ, ಯೇಸುವಿಗೆ ಕೊಟ್ಟ ಮರಣದಂಡನೆಯ ತೀರ್ಪಿನಿಂದ ಶುರುವಾಗಿ ಸಮಾಧಿಯಲ್ಲಿ ಮುಗಿಯುತ್ತವೆ. ಇದೇ ಶಿಲುಬೆ ಹಾದಿ. 14 ಅನ್ನುವ ಲೆಕ್ಕವನ್ನು 1731ರಲ್ಲಿ ಪೋಪ್ 12ನೇ ಕ್ಲೆಮೆಂಟ್ ಖಾಯಂ ಮಾಡಿದರು. ತಪಸ್ಸು ಕಾಲದ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ವಾರಗಳ, ಶುಕ್ರವಾರಗಳಂದು ಜನ ಈ ಚಿತ್ರದಿಂದ ಆ ಚಿತ್ರಕ್ಕೆ ಪ್ರಾರ್ಥಿಸುತ್ತಾ ಸಾಗುತ್ತಾರೆ, ಒಂದೊಂದರ ಮುಂದೆಯೂ ಮಂಡಿಯೂರುತ್ತಾರೆ.

ಪರ ಊರಿಂದ ಬಂದ ನೆಂಟರಿಗೆ ಚರ್ಚ್ ತೋರಿಸಲು ಕರೆದುಕೊಂಡು ಹೋದರೆ ಒಬ್ಬರಾದರೂ ಪಿಸುಗುಟ್ಟುತ್ತಾರೆ: "ಇದನ್ನ ವಾರ ವಾರ ನೋಡ್ತಾ ಬೆಳೆಯೋ ಮಕ್ಕಳ ತಲೆ ಏನಾಗಬೇಡ?" ಒಳ್ಳೆಯ ಪ್ರಶ್ನೆ. ಕ್ರೈಸ್ತರು ಸಾಮಾನ್ಯವಾಗಿ ಇದನ್ನು ಕೇಳಿಕೊಳ್ಳುವುದಿಲ್ಲ, ಅವರಿಗೆ ಅದು ಹುಟ್ಟಿದಾಗಿನಿಂದ ಕಂಡ ಚಿತ್ರ. ಬೇರೆಯವರು ಕೇಳುವಾಗ ದನಿಯಲ್ಲೇ ಅರ್ಧ ಉತ್ತರ ಇರುತ್ತದೆ. ನಾನು ಕ್ರೈಸ್ತ ಮನೆತನದವಳಲ್ಲ, ಆದರೆ ಓದಿದ್ದು ಇಲ್ಲೇ ಒಂದು ಕಾನ್ವೆಂಟಿನಲ್ಲಿ. ಹಾಗಾಗಿ ಪೂರ್ತಿ ಒಳಗಿನವಳೂ ಅಲ್ಲ, ಪೂರ್ತಿ ಹೊರಗಿನವಳೂ ಅಲ್ಲ.

ಮೊದಲಿಗೆ ಒಂದು ಮಾತು. ದೇವರ ಹತ್ತಿರ ರಕ್ತ, ಸಾವು ಇರುವುದು ನಮಗೇನು ಹೊಸದಲ್ಲ. ಕಾಳಿಯ ಕೊರಳಲ್ಲಿ ರುಂಡಮಾಲೆ ಇದೆ. ನರಸಿಂಹನ ತೊಡೆಯ ಮೇಲೆ ಹಿರಣ್ಯಕಶಿಪುವಿನ ಕರುಳು ಹೊರಗೆ ಬಂದಿರುತ್ತದೆ, ಆ ಕ್ಯಾಲೆಂಡರ್ ಚಿತ್ರದ ಕೆಳಗೆ ಕೂತು ನಾವು ಆರಾಮಾಗಿ ಊಟ ಮಾಡುತ್ತೇವೆ. ಕೈಮಡದಲ್ಲಿ, ಅಂದರೆ ಮನೆತನದ ಹಿರಿಯರ ಗುಡಿಯಲ್ಲಿ, ತೀರಿಹೋದ ಹಿರಿಯರಿಗೆ ಮಾಂಸ, ಮದ್ಯ ಇಟ್ಟು ಕೈ ಮುಗಿಯುವ, ಮನೆಯಲ್ಲಿ ಸಾವಾದರೆ ಗುಂಡು ಹಾರಿಸಿ ಊರಿಗೆ ತಿಳಿಸುವ ನಾಡು ಇದು. ಆದರೆ ಒಂದು ವ್ಯತ್ಯಾಸ ಗಮನಿಸಿ. ಕಾಳಿ ಕೊಲ್ಲುವವಳು, ನರಸಿಂಹ ಕೊಲ್ಲುವವನು. ಇಲ್ಲಿ ದೇವರೇ ಕೊಲೆಯಾದವನು. ಗೆದ್ದ ದೇವರನ್ನು ನೋಡಿದರೆ ಹುಟ್ಟುವುದು ಭಯ, ಧೈರ್ಯ. ನೊಂದ ದೇವರನ್ನು ನೋಡಿದರೆ ಕರುಣೆ ಹುಟ್ಟುತ್ತದೆ, ಕೆಲವೊಮ್ಮೆ ತಪ್ಪಿತಸ್ಥ ಭಾವನೆಯೂ ಹುಟ್ಟುತ್ತದೆ. ಈ ತಪ್ಪಿತಸ್ಥ ಭಾವನೆಯಲ್ಲೇ ಎಲ್ಲ ತೊಡಕು ಇರುವುದು.

ಇನ್ನೊಂದು ವಿಷಯ ಕ್ರೈಸ್ತರಲ್ಲೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಮೊದಲ ಕೆಲವು ಶತಮಾನ ಕ್ರೈಸ್ತರು ಈ ದೃಶ್ಯವನ್ನು ಬಿಡಿಸುತ್ತಲೇ ಇರಲಿಲ್ಲ ಎನ್ನಬಹುದು. ಮೀನು, ಲಂಗರು, ಹೆಗಲ ಮೇಲೆ ಕುರಿಮರಿ ಹೊತ್ತ ಕುರುಬ, ಇವೇ ಅವರ ಚಿಹ್ನೆಗಳು. ಕಾರಣ ಊಹಿಸುವುದು ಕಷ್ಟವಲ್ಲ. ಶಿಲುಬೆ ಆಗ ಕಲೆಯಲ್ಲ, ಊರ ಹೊರಗೆ ನಿಜವಾಗಿ ಕಾಣುತ್ತಿದ್ದ ಶಿಕ್ಷೆ. ಗುಲಾಮರಿಗೆ, ದಂಗೆ ಎದ್ದವರಿಗೆ ರೋಮನ್ನರು ಕೊಡುತ್ತಿದ್ದ ನಾಚಿಕೆಗೇಡಿನ ಸಾವು. ಶಿಲುಬೆಯ ಮೇಲಿನ ಯೇಸುವನ್ನು ಬಿಡಿಸಿದ ಅತ್ಯಂತ ಹಳೆಯ ಚಿತ್ರಗಳಲ್ಲಿ ಒಂದು ಗೇಲಿ ಮಾಡಲು ಗೀಚಿದ್ದು. ರೋಮಿನ ಪ್ಯಾಲಟೈನ್ ಗುಡ್ಡದ ಗೋಡೆಯಲ್ಲಿ ಕತ್ತೆ ತಲೆಯ ಮನುಷ್ಯ ಶಿಲುಬೆಯಲ್ಲಿ ನೇತಾಡುತ್ತಿದ್ದಾನೆ, ಪಕ್ಕದಲ್ಲಿ ಒಬ್ಬ ಕೈ ಎತ್ತಿ ನಿಂತಿದ್ದಾನೆ, ಕೆಳಗೆ 'ಅಲೆಕ್ಸಮೆನೋಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ' ಅನ್ನುವ ಅರ್ಥದ ಸಾಲು. ಸುಮಾರು ಕ್ರಿ.ಶ. 200ರದ್ದು ಅಂತ ಅಂದಾಜು. ಆ ಕಾಲದ ಟ್ರೋಲ್ ಅಂದುಕೊಳ್ಳಿ.

ಆ ಶಿಕ್ಷೆ 4ನೇ ಶತಮಾನದಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದ ಹೊತ್ತಿಗೆ ನಿಂತಿತು. ಕಣ್ಣಾರೆ ಕಂಡವರು ಯಾರೂ ಉಳಿಯದ ಮೇಲೆ, 430ರ ಸುಮಾರಿಗೆ, ರೋಮಿನ ಸಾಂತಾ ಸಬೀನಾ ಚರ್ಚಿನ ಮರದ ಬಾಗಿಲಲ್ಲಿ ಯೇಸು ಶಿಲುಬೆಗೇರಿದ ದೃಶ್ಯ ಕೆತ್ತಿದರು. ಅಲ್ಲಿಯೂ ನೋವಿಲ್ಲ. ಕಣ್ಣು ತೆರೆದು, ಕೈ ಚಾಚಿ, ಸುಮ್ನೆ ನಿಂತ ಹಾಗೆ ಇದ್ದಾನೆ. ಇನ್ನೂ ಎಷ್ಟೋ ಶತಮಾನ ಯೇಸು ಶಿಲುಬೆಯ ಮೇಲೆ ರಾಜನ ಹಾಗೆಯೇ ಇದ್ದ. ಸುಮಾರು 970ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಆಳೆತ್ತರದ ಒಂದು ಮರದ ಶಿಲ್ಪ ಬಂತು. ಅದರಲ್ಲಿ ಕಣ್ಣು ಮುಚ್ಚಿದೆ, ತಲೆ ವಾಲಿದೆ, ಹೊಟ್ಟೆ ಜೋತು ಬಿದ್ದಿದೆ. ಸತ್ತ ದೇಹ. ಅಲ್ಲಿಂದ ಮುಂದೆ ರಕ್ತ ಹೆಚ್ಚುತ್ತಾ ಹೋಯಿತು. 1347ರಿಂದ ಪ್ಲೇಗ್ ಬಂದು ಕೆಲವೇ ವರ್ಷಗಳಲ್ಲಿ ಯೂರೋಪಿನ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಮೇಲಂತೂ ಅಸ್ಥಿಪಂಜರ, ಕೊಳೆಯುವ ಹೆಣ, ಸಾವಿನ ಕುಣಿತ ಎಲ್ಲವೂ ಚರ್ಚಿನ ಗೋಡೆಗೆ ಬಂದವು.

ಅಂದರೆ ಈ ಚಿತ್ರ ಜನರ ಮನಸ್ಸನ್ನು ಕತ್ತಲೆ ಮಾಡಿತೋ, ಜನರ ಬದುಕೇ ಕತ್ತಲೆಯಾಗಿ ಚಿತ್ರ ಹೀಗಾಯಿತೋ ಅಂತ ಕೇಳಬೇಕಾಗುತ್ತದೆ. ಎರಡೂ ನಿಜ ಅಂತ ನನಗನ್ನಿಸುತ್ತದೆ, ಎರಡನೆಯದು ಸ್ವಲ್ಪ ಜಾಸ್ತಿ.

ಇದಕ್ಕೆ ನಾನು ಕಂಡ ಅತ್ಯುತ್ತಮ ಉದಾಹರಣೆ ಐಸೆನ್‌ಹೈಮ್ ಪೀಠದ ಚಿತ್ರ, ಅಂದರೆ ಅಲ್ಲಿನ ಪೂಜಾವೇದಿಕೆಯ ಮೇಲಿದ್ದ ಚಿತ್ರ. 1512ರಿಂದ 1516ರ ನಡುವೆ ಜರ್ಮನ್ ಕಲಾವಿದ ಗ್ರೂನೆವಾಲ್ಡ್ ಬಿಡಿಸಿದ್ದು, ಈಗ ಫ್ರಾನ್ಸಿನ ಕೋಲ್ಮಾರ್‌ನಲ್ಲಿದೆ. ನೋಡಲಾಗುವುದಿಲ್ಲ, ಅಷ್ಟು ಭೀಕರ. ಯೇಸುವಿನ ಮೈ ಹಸಿರುಗಟ್ಟಿದೆ, ಮೈ ತುಂಬ ಹುಣ್ಣು, ಬೆರಳುಗಳು ಸೆಟೆದು ಒಂದೊಂದು ಒಂದೊಂದು ಕಡೆ ತಿರುಗಿವೆ. ಈ ಕಲಾವಿದನಿಗೆ ಏನೋ ಆಗಿತ್ತು ಅಂತ ಅನ್ನಿಸುತ್ತದೆ. ಆದರೆ ಆ ಚಿತ್ರ ಇದ್ದದ್ದು ಸಂತ ಅಂತೋಣಿಯ ಹೆಸರಿನ ಮಠದಲ್ಲಿ. ಅಲ್ಲಿಗೆ ಬರುತ್ತಿದ್ದವರು 'ಸಂತ ಅಂತೋಣಿಯ ಬೆಂಕಿ' ಅನ್ನುವ ಕಾಯಿಲೆಯವರು. ರೈ ಧಾನ್ಯಕ್ಕೆ ಹಿಡಿಯುವ ಒಂದು ಶಿಲೀಂಧ್ರದ ವಿಷದಿಂದ ಮೈಯೆಲ್ಲ ಉರಿದು, ಕೈಕಾಲು ಕಪ್ಪಾಗಿ ಕೊಳೆತು, ಕೊನೆಗೆ ಕತ್ತರಿಸಬೇಕಾಗುತ್ತಿದ್ದ ರೋಗ. ಆ ರೋಗಿಗಳು ಪೀಠದ ಮುಂದೆ ಬಂದಾಗ ಕಂಡದ್ದು ತಮ್ಮದೇ ಹುಣ್ಣುಗಳನ್ನು ಹೊತ್ತ ದೇವರು. ಆರೋಗ್ಯವಾಗಿರುವ ನಮಗೆ ಅದು ಭಯಾನಕ. ಅವರಿಗೆ ಅದು ಜೊತೆ. ಇನ್ನೊಂದು ಮುಖ್ಯ ವಿಷಯ, ಆ ಚಿತ್ರದ ಹಲಗೆಗಳನ್ನು ಬಾಗಿಲ ಹಾಗೆ ತೆರೆಯಬಹುದಿತ್ತು. ಹಬ್ಬದ ದಿನಗಳಲ್ಲಿ ತೆರೆದರೆ ಒಳಗೆ ಅದೇ ಯೇಸು ಗಾಯ ವಾಸಿಯಾಗಿ, ಬೆಳಕಿನ ದೊಡ್ಡ ಉಂಡೆಯೊಳಗೆ ಮೇಲೇಳುತ್ತಿದ್ದಾನೆ.

ಈಗ ಮನಶ್ಶಾಸ್ತ್ರಕ್ಕೆ ಬರೋಣ.

ಇನ್ನೊಬ್ಬರ ಮೈಗೆ ನೋವಾಗುವುದನ್ನು ಕಂಡರೆ ನಮ್ಮ ಮಿದುಳು ಸುಮ್ಮನಿರುವುದಿಲ್ಲ. 2004ರಲ್ಲಿ ತಾನ್ಯಾ ಸಿಂಗರ್ ಎಂಬ ಸಂಶೋಧಕಿ ಮತ್ತು ಜೊತೆಗಾರರು ಇದನ್ನು ಸ್ಕ್ಯಾನರ್‌ನಲ್ಲಿ ತೋರಿಸಿದರು. ತನ್ನ ಸಂಗಾತಿಗೆ ಶಾಕ್ ಕೊಡುತ್ತಿದ್ದಾರೆ ಅಂತ ಗೊತ್ತಾದ ಕೂಡಲೇ, ತನಗೇ ನೋವಾದಾಗ ಎಚ್ಚರಗೊಳ್ಳುವ ಮಿದುಳಿನ ಕೆಲವು ಭಾಗಗಳು ಎಚ್ಚರಗೊಂಡವು. ಹಾಗಾದರೆ ವಾರ ವಾರ ಶಿಲುಬೆ ನೋಡುವವರು ವಾರ ವಾರ ನೋಯುತ್ತಾರಾ? ಇಲ್ಲ. ಅಕ್ಯುಪಂಕ್ಚರ್ ಮಾಡುವ ವೈದ್ಯರಿಗೆ ಸೂಜಿ ಚುಚ್ಚುವ ದೃಶ್ಯ ತೋರಿಸಿದರೆ ಅವರ ಮಿದುಳಿನ ಪ್ರತಿಕ್ರಿಯೆ ಉಳಿದವರಿಗಿಂತ ಬಹಳ ಕಡಿಮೆ ಅಂತ 2007ರ ಒಂದು ಅಧ್ಯಯನ ತೋರಿಸಿತು. ರೂಢಿಯಾದದ್ದು ಕಾಣುವುದೇ ಇಲ್ಲ. ಕ್ಯಾಥೋಲಿಕ್ ಮನೆಗಳ ಹಾಲ್‌ನಲ್ಲಿ ಪವಿತ್ರ ಹೃದಯದ ಫೋಟೋ ಇರುತ್ತದಲ್ವಾ, ಎದೆಯ ಹೊರಗೆ ಹೃದಯ, ಸುತ್ತ ಮುಳ್ಳು, ಮುಂದೆ ಕೆಂಪು ಬಲ್ಬು. ಆ ಮನೆಯವರು ಅದನ್ನು ನೋಡಿ ಬೆಚ್ಚಿಬೀಳುವುದಿಲ್ಲ. ಬಲ್ಬು ಸುಟ್ಟುಹೋದರೆ ಮಾತ್ರ ಗಮನಿಸುತ್ತಾರೆ.

ರೂಢಿಯಾದದ್ದು ಮನಸ್ಸಿನಿಂದ ಮಾಯವಾಯಿತು ಅಂತಲ್ಲ. ಸಾವಿನ ನೆನಪು ಮನುಷ್ಯನ ತೀರ್ಮಾನಗಳನ್ನು ಒಳಗಿಂದಲೇ ತಿರುಗಿಸುತ್ತದೆ ಅನ್ನುವ ಒಂದು ಪ್ರಸಿದ್ಧ ಸಿದ್ಧಾಂತ 1980ರ ದಶಕದಲ್ಲಿ ಬಂತು. ಗ್ರೀನ್‌ಬರ್ಗ್, ಸಾಲೊಮನ್, ಪಿಜಿನ್‌ಸ್ಕಿ ಎಂಬ ಮೂವರದ್ದು. ನಾನು ಸಾಯುತ್ತೇನೆ ಅನ್ನುವುದು ನೆನಪಾದಾಗ ಜನ ತಮ್ಮ ಧರ್ಮ, ದೇಶ, ಪದ್ಧತಿಗಳನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತಾರೆ ಅನ್ನುವುದು ತಿರುಳು. 1989ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಮೆರಿಕದ ನ್ಯಾಯಾಧೀಶರಿಗೆ ಒಂದು ವೇಶ್ಯಾವೃತ್ತಿಯ ಪ್ರಕರಣ ಕೊಟ್ಟು ಜಾಮೀನು ಮೊತ್ತ ಕೇಳಿದರು. ಮೊದಲು ತಮ್ಮ ಸಾವಿನ ಬಗ್ಗೆ ಬರೆದವರು ಸರಾಸರಿ 455 ಡಾಲರ್ ಹೇಳಿದರು, ಬರೆಯದವರು 50 ಡಾಲರ್. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಹಲವು ಪ್ರಯೋಗಾಲಯಗಳು ಸೇರಿ ಈ ಸಿದ್ಧಾಂತದ ಇನ್ನೊಂದು ಮುಖ್ಯ ಪ್ರಯೋಗವನ್ನು ಮತ್ತೆ ಮಾಡಿ 2022ರಲ್ಲಿ ಪ್ರಕಟಿಸಿದಾಗ ಆ ಪರಿಣಾಮ ಸಿಗಲಿಲ್ಲ. ಹಾಗಾಗಿ 'ಶಿಲುಬೆ ನೋಡಿದರೆ ಮತಾಂಧರಾಗುತ್ತಾರೆ' ಅಂತ ಇದರ ಮೇಲೆ ಯಾರಾದರೂ ಬರೆದರೆ ಪೂರ್ತಿ ನಂಬಬೇಡಿ.

ಇದಕ್ಕೆ ಉಲ್ಟಾ ಹೇಳುವ ಪ್ರಯೋಗವೂ ಇದೆ. 2008ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು 12 ಮಂದಿ ಕ್ಯಾಥೋಲಿಕರಿಗೂ 12 ಮಂದಿ ಧರ್ಮ ನಂಬದವರಿಗೂ ಸಣ್ಣ ವಿದ್ಯುತ್ ಶಾಕ್ ಕೊಟ್ಟರು. ಕಣ್ಣ ಮುಂದೆ ಒಮ್ಮೆ ಮಾತೆ ಮರಿಯಮ್ಮನ ಚಿತ್ರ, ಇನ್ನೊಮ್ಮೆ ಲಿಯೊನಾರ್ಡೊ ಬಿಡಿಸಿದ ಒಬ್ಬ ಹೆಂಗಸಿನ ಚಿತ್ರ. ಮರಿಯಮ್ಮನನ್ನು ನೋಡುವಾಗ ಕ್ಯಾಥೋಲಿಕರಿಗೆ ನೋವು ಕಡಿಮೆ ಅನ್ನಿಸಿತು. ನಂಬದವರಿಗೆ ಯಾವ ವ್ಯತ್ಯಾಸವೂ ಆಗಲಿಲ್ಲ. ಸಣ್ಣ ಅಧ್ಯಯನ, ತೋರಿಸಿದ್ದೂ ಶಿಲುಬೆಯಲ್ಲ. ಆದರೂ ಒಂದು ಅಂಶ ಸಿಗುತ್ತದೆ. ಚಿತ್ರದ ಜೊತೆ ನಿಮಗೆ ಎಂಥ ಸಂಬಂಧ ಬೆಳೆದಿದೆ ಅನ್ನುವುದರ ಮೇಲೆ ಅದರ ಕೆಲಸ ನಿಂತಿದೆ.

ಆ ಸಂಬಂಧ ಬೆಳೆಸುವುದು ಹೆಚ್ಚಾಗಿ ಒಂದು ವಾಕ್ಯ. ಶಿಲುಬೆಯನ್ನು ತೋರಿಸಿ ಮಗುವಿಗೆ ಎರಡು ರೀತಿ ಹೇಳಬಹುದು. ಒಂದು, "ನೋಡು, ಅವನಿಗೂ ನಿನ್ನ ಹಾಗೇ ನೋವಾಗಿತ್ತು." ಇನ್ನೊಂದು, "ನೋಡು, ನಿನ್ನಿಂದ ಅವನಿಗೆ ಎಷ್ಟು ನೋವಾಯಿತು." ಚಿತ್ರ ಒಂದೇ. ಮೊದಲ ವಾಕ್ಯ ಕೇಳಿ ಬೆಳೆದವರಿಗೆ ಕಷ್ಟ ಬಂದಾಗ ಅದು ಆಸರೆ. ಎರಡನೆಯದನ್ನೇ ಕೇಳಿ ಬೆಳೆದವರಿಗೆ ಅದು ಜೀವಮಾನದ ಸಾಲ, ಅದೂ ತಾವು ಮಾಡದ ಸಾಲ.

ನಮ್ಮ ತರಗತಿಯಲ್ಲಿ ಕಪ್ಪುಹಲಗೆಯ ಮೇಲೊಂದು ಪ್ಲಾಸ್ಟರ್ ಯೇಸು ಇತ್ತು. ಪಕ್ಕೆಯ ಗಾಯದ ಬಣ್ಣ ಮಾಸಿ ಗುಲಾಬಿಯಾಗಿತ್ತು, ಮಂಡಿಗಳ ಮೇಲಿನ ಕೆಂಪು ಮಾತ್ರ ಹಾಗೇ ಉಳಿದಿತ್ತು. ಭಾರ ಹೊತ್ತು ಬಿದ್ದಾಗ ತರಚಿದ ಗಾಯ. ನಾವು ಮಕ್ಕಳು ಮೊಳೆಯನ್ನಾಗಲಿ, ಮುಳ್ಳನ್ನಾಗಲಿ ಅಷ್ಟು ಗಮನಿಸುತ್ತಿರಲಿಲ್ಲ, ಮಂಡಿಯನ್ನೇ ನೋಡುತ್ತಿದ್ದೆವು. ಮಳೆಗಾಲದಲ್ಲಿ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ನಮ್ಮೆಲ್ಲರ ಮಂಡಿಯೂ ಹಾಗೇ ಇರುತ್ತಿತ್ತು. ಮೊಳೆ ಹೊಡೆಸಿಕೊಂಡ ಅನುಭವ ಯಾರಿಗೂ ಇಲ್ಲ, ಮಂಡಿ ತರಚಿದ್ದು ಎಲ್ಲರಿಗೂ ಗೊತ್ತು. ಮಗು ಚಿತ್ರವನ್ನು ತನ್ನ ಅಳತೆಗೆ ತಂದುಕೊಳ್ಳುತ್ತದೆ, ದೊಡ್ಡವರು ಬಿಟ್ಟರೆ.

ಬಿಡದೆ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಕಾಯಿಲೆಯೇ ಇದೆ. ಗೀಳು ರೋಗದ ಧಾರ್ಮಿಕ ರೂಪ. ಸಣ್ಣ ತಪ್ಪೂ ಮಹಾಪಾಪ ಅನ್ನಿಸುವುದು, ಪಾದ್ರಿಯ ಹತ್ತಿರ ಪಾಪ ನಿವೇದನೆ ಮಾಡಿ ಹೊರಬಂದ ಕೂಡಲೇ 'ಒಂದು ಬಿಟ್ಟುಹೋಯಿತು' ಅಂತ ಮತ್ತೆ ಓಡುವುದು, ಪೂಜೆಯ ನಡುವೆ ಬೇಡದ ಕೆಟ್ಟ ಯೋಚನೆ ಬಂದು ಮೈಯೆಲ್ಲ ಬೆವರುವುದು. ಯೇಸುಸಭೆ ಎಂಬ ಪಾದ್ರಿಗಳ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲನೇ ಇದರಿಂದ ನರಳಿದವನು, ಒಂದು ಹಂತದಲ್ಲಿ ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂದಿತ್ತು ಅಂತ ಅವನೇ ಹೇಳಿಕೊಂಡಿದ್ದಾನೆ. ಇದಕ್ಕೆ ಶಿಲುಬೆಯೇ ಕಾರಣ ಅನ್ನುವುದು ಸರಿಯಲ್ಲ, ಗೀಳು ಎಲ್ಲ ಧರ್ಮದಲ್ಲೂ ಇದೆ, ನಮ್ಮ ಮಡಿ ಮೈಲಿಗೆಯಲ್ಲಿ ಅದು ಬೇರೆ ವೇಷ ಹಾಕುತ್ತದೆ. ಆದರೆ ಆ ಪ್ರವೃತ್ತಿ ಮೊದಲೇ ಇರುವವರಿಗೆ ರಕ್ತ ಸುರಿಸುವ ದೇವರು ದಿನಾ ಕಣ್ಣ ಮುಂದಿದ್ದರೆ ಗೀಳಿಗೆ ಮೇವು ಸಿಕ್ಕ ಹಾಗೆ. ಅಂಥವರನ್ನು ಇನ್ನಷ್ಟು ಪ್ರಾರ್ಥನೆಗೆ ಕಳಿಸುವುದಲ್ಲ, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಈ ಕಾಯಿಲೆಗೆ ಔಷಧಿ, ಚಿಕಿತ್ಸೆ ಎರಡೂ ಇವೆ.

'ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ' ಅನ್ನುವ ನಂಬಿಕೆ ಮೈಗೂ ಒಳ್ಳೆಯದಲ್ಲ. ಮನಶ್ಶಾಸ್ತ್ರಜ್ಞ ಕೆನೆತ್ ಪರ್ಗಮೆಂಟ್ ಮತ್ತು ಜೊತೆಗಾರರು 55 ದಾಟಿದ ಸುಮಾರು 600 ರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ ಬರೆದರು: ದೇವರು ಕೈಬಿಟ್ಟ, ದೇವರಿಗೆ ನನ್ನ ಮೇಲೆ ಪ್ರೀತಿಯಿಲ್ಲ ಅಂದುಕೊಂಡವರಲ್ಲಿ ಸಾವಿನ ಅಪಾಯ ಹೆಚ್ಚಿತ್ತು.

ಚಿತ್ರ ಮೈಯ ಮೇಲೇ ಅಚ್ಚಾಗುವ ವಿಚಿತ್ರವೂ ಇದೆ. 1224ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್‌ಗೆ ಯೇಸುವಿನ ಗಾಯಗಳು ಮೈಮೇಲೆ ಮೂಡಿದವು ಅಂತ ಹೇಳುತ್ತಾರೆ. ಅದಕ್ಕೂ ಮೊದಲಿನ ಸುಮಾರು 1200 ವರ್ಷ ಇಂಥ ಸುದ್ದಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನೋವಿನ ಯೇಸುವಿನ ಚಿತ್ರ ಎಲ್ಲೆಡೆ ಹರಡಿದ ಮೇಲೆ ನೂರಾರು ಪ್ರಕರಣ. 1918ರಲ್ಲಿ ಇಟಲಿಯ ಪಾದ್ರೆ ಪಿಯೋ ಎಂಬ ಸನ್ಯಾಸಿಗೂ ಆಯಿತು. ಹೆಚ್ಚಿನವರಿಗೆ ಗಾಯ ಬಂದದ್ದು ಅಂಗೈಯಲ್ಲಿ, ಚಿತ್ರಗಳಲ್ಲಿ ಇರುವ ಹಾಗೆ. ಆದರೆ ರೋಮನ್ನರು ಮೊಳೆ ಹೊಡೆಯುತ್ತಿದ್ದದ್ದು ಮಣಿಕಟ್ಟಿನ ಹತ್ತಿರ ಅಂತ ಅನೇಕ ತಜ್ಞರ ಅಭಿಪ್ರಾಯ. ಭಕ್ತರು ಇದನ್ನು ಪವಾಡ ಅನ್ನುತ್ತಾರೆ, ಅನುಮಾನಿಸುವವರು ತಾವೇ ಮಾಡಿಕೊಂಡದ್ದು ಅನ್ನುತ್ತಾರೆ. ಅದು ಏನೇ ಇರಲಿ, ಗಾಯದ ಜಾಗ ನೋಡಿದರೆ ಚಿತ್ರಕಾರರ ಪ್ರಭಾವ ಕಾಣುತ್ತದೆ.

ಕರುಣೆ ಸಿಟ್ಟಾಗಿ ತಿರುಗಿದ್ದು ಇದೆಲ್ಲಕ್ಕಿಂತ ದೊಡ್ಡ ಕೆಡುಕು. ಇಷ್ಟು ಹಿಂಸೆ ಕಂಡ ಮನಸ್ಸು 'ಯಾರು ಮಾಡಿದ್ದು?' ಅಂತ ಕೇಳಿಯೇ ಕೇಳುತ್ತದೆ. ಯೂರೋಪಿನಲ್ಲಿ ಶತಮಾನಗಳ ಕಾಲ ಸಿಕ್ಕ ಉತ್ತರ 'ಯಹೂದಿಗಳು'. ಶುಭ ಶುಕ್ರವಾರದ ಆಸುಪಾಸು ಯಹೂದಿಗಳು ಮನೆಯಿಂದ ಹೊರಬರಲು ಹೆದರುತ್ತಿದ್ದ ಊರುಗಳಿದ್ದವು. ಯೇಸುವಿನ ಸಾವಿಗೆ ಇಡೀ ಯಹೂದಿ ಜನಾಂಗವನ್ನು ಹೊಣೆ ಮಾಡುವಂತಿಲ್ಲ ಅಂತ ಕ್ಯಾಥೋಲಿಕ್ ಸಭೆ ಅಧಿಕೃತವಾಗಿ ಹೇಳಿದ್ದು 1965ರಲ್ಲಿ. ಬಹಳ ತಡ.

ಹಾಗಾದರೆ ಗೋಡೆಯಿಂದ ತೆಗೆದುಬಿಡಬೇಕಾ? ಈ ಪ್ರಶ್ನೆ ಕೋರ್ಟಿಗೂ ಹೋಗಿದೆ. ಜರ್ಮನಿಯ ಬವೇರಿಯಾದಲ್ಲಿ ಒಂದು ದಂಪತಿ ತಮ್ಮ ಮಕ್ಕಳು ಕಪ್ಪುಹಲಗೆಯ ಪಕ್ಕದಲ್ಲೇ ದೊಡ್ಡ ಶಿಲುಬೆಯಲ್ಲಿರುವ ದೇಹ ನೋಡುತ್ತಾ ಕೂರಬೇಕು ಅಂತ ದೂರಿದರು. ಶಾಲೆಯವರು ಅದನ್ನು ತೆಗೆದು ಬಾಗಿಲ ಮೇಲೆ ಚಿಕ್ಕ ಶಿಲುಬೆ ಹಾಕಿದರು, ಜಗಳ ಮುಗಿಯಲಿಲ್ಲ. 1995ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ, ಸರ್ಕಾರಿ ಶಾಲೆಯ ತರಗತಿಗಳಲ್ಲಿ ಶಿಲುಬೆ ಕಡ್ಡಾಯ ಮಾಡುವಂತಿಲ್ಲ ಎಂದಿತು. ಇಟಲಿಯ ಇಂಥದ್ದೇ ಪ್ರಕರಣದಲ್ಲಿ ಯೂರೋಪಿನ ಮಾನವ ಹಕ್ಕು ನ್ಯಾಯಾಲಯ 2009ರಲ್ಲಿ ಶಿಲುಬೆಯ ವಿರುದ್ಧ ತೀರ್ಪು ಕೊಟ್ಟು, 2011ರಲ್ಲಿ ದೊಡ್ಡ ಪೀಠದಲ್ಲಿ ಅದನ್ನು ತಿರುಗಿಸಿತು. ಗೋಡೆಯ ಶಿಲುಬೆ ತಾನಾಗಿ ಏನೂ ಮಾಡದ ಚಿಹ್ನೆ, ಪಾಠ ಹೇಳಿದಷ್ಟು ಪ್ರಭಾವ ಅದಕ್ಕಿಲ್ಲ ಅನ್ನುವುದು ವಾದ. ಭಕ್ತರಿಗೆ ಇದು ಗೆಲುವೋ ಅವಮಾನವೋ ನನಗಿನ್ನೂ ಗೊತ್ತಾಗಿಲ್ಲ.

ಕ್ರೈಸ್ತರಲ್ಲೇ ಒಂದು ಪಾಲು ಬಹಳ ಹಿಂದೆಯೇ ದೇಹವನ್ನು ಕೆಳಗಿಳಿಸಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ತಂದ ಹರ್ಮನ್ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದರು, ಬಾಸೆಲ್ ಮಿಷನ್ನಿನವರು. ಅವರ ಪ್ರಾಟೆಸ್ಟೆಂಟ್ ಸಂಪ್ರದಾಯದ ಚರ್ಚುಗಳಲ್ಲಿ ಶಿಲುಬೆ ಖಾಲಿ. ಯೇಸು ಎದ್ದು ಹೋಗಿಯಾಗಿದೆ, ಇನ್ನೂ ಯಾಕೆ ನೇತುಹಾಕಬೇಕು ಅನ್ನುವುದು ಅವರ ತರ್ಕ. ಆದರೆ ಗೋಡೆ ಖಾಲಿ ಮಾಡಿದ ಮಾತ್ರಕ್ಕೆ ತಪ್ಪಿತಸ್ಥ ಭಾವನೆ ಹೋಗಲಿಲ್ಲ. ಗೋಡೆಯಲ್ಲಿದ್ದದ್ದು ಪಾದ್ರಿಯ ಪ್ರವಚನಕ್ಕೆ, ಹಾಡಿಗೆ ಬಂತು. ಎಷ್ಟೋ ಪ್ರಾಟೆಸ್ಟೆಂಟ್ ಹಾಡುಗಳಲ್ಲಿ ಕ್ಯಾಥೋಲಿಕ್ ಗೋಡೆಗಿಂತ ಜಾಸ್ತಿ ರಕ್ತ ಇದೆ.

ಇತ್ತ ವಿರಾಜಪೇಟೆಯ ಕ್ಯಾಥೋಲಿಕರ ಕಥೆ ನೋಡಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1792ರ ಸುಮಾರಿಗೆ ಇಲ್ಲಿ ನೆಲೆ ಕೊಟ್ಟ. ಮನೆ ಮಠ ಕಳೆದುಕೊಂಡು, ದಾರಿಯಲ್ಲಿ ತಮ್ಮವರನ್ನು ಕಳೆದುಕೊಂಡು ಬಂದ ಜನಕ್ಕೆ ಚಿನ್ನದ ಸಿಂಹಾಸನದ ದೇವರಿಗಿಂತ ಈ ದೇವರು ಹತ್ತಿರದವನು ಅನ್ನಿಸಿರಬೇಕು. ಇವತ್ತಿಗೂ ಮಗನನ್ನು ಕಳೆದುಕೊಂಡ ತಾಯಿ ವ್ಯಾಕುಲಮಾತೆಯ, ಅಂದರೆ ಮಗನಿಗಾಗಿ ದುಃಖಿಸುವ ಮರಿಯಮ್ಮನ, ಮುಂದೆ ಕೂತರೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಇಂಗ್ಲೆಂಡಿನ ನಾರ್ವಿಚ್‌ನ ಜೂಲಿಯನ್ ಎಂಬಾಕೆ 1373ರಲ್ಲಿ, ಮೂವತ್ತರ ವಯಸ್ಸಿನಲ್ಲಿ ಸಾವಿನಂಚಿನಲ್ಲಿದ್ದಾಗ, ಪಾದ್ರಿ ಆಕೆಯ ಕಣ್ಣಿನ ಮುಂದೆ ಶಿಲುಬೆ ಹಿಡಿದರು. ಮುಳ್ಳಿನ ಕೆಳಗಿಂದ ರಕ್ತ ಇಳಿಯುವುದನ್ನು ಕಂಡೆ ಅಂತ ಆಕೆ ಬರೆದಳು, ಕಂಡು ಹೆದರಲಿಲ್ಲ, ಧೈರ್ಯ ತಂದುಕೊಂಡಳು, ಬದುಕಿಯೂ ಬಂದಳು.

ನಮ್ಮ ವೀರಗಲ್ಲು ನೆನಪಿಸಿಕೊಳ್ಳಿ. ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಬಾಣ ಚುಚ್ಚಿಸಿಕೊಂಡು ಸಾಯುವ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಕಥೆ ಒಂದೇ ಕಲ್ಲಿನಲ್ಲಿ ಪೂರ್ತಿಯಾಗುತ್ತದೆ. ಶಿಲುಬೆಯಲ್ಲಿ ಇರುವುದು ಕೆಳಗಿನ ಹಂತ ಮಾತ್ರ, ಮೇಲಿನದ್ದನ್ನು ನೋಡುವವರೇ ತುಂಬಿಕೊಳ್ಳಬೇಕು. ಯೇಸು ಸಾವಿನಿಂದ ಎದ್ದು ಬಂದ ಈಸ್ಟರ್ ಕಥೆ ಗೊತ್ತಿದ್ದವರು ತುಂಬಿಕೊಳ್ಳುತ್ತಾರೆ. ಸುಮ್ನೆ ಒಳಗೆ ಬಂದ ನೆಂಟರಿಗೆ, ಮೂರು ವರ್ಷದ ಮಗುವಿಗೆ, ಗೀಳು ಹಿಡಿದ ಮನಸ್ಸಿಗೆ ಮೇಲಿನ ಹಂತ ಕಾಣುವುದೇ ಇಲ್ಲ.

ಈಗೀಗ ಕೆಲವು ಚರ್ಚುಗಳಲ್ಲಿ ಶಿಲುಬೆ ಹಾದಿಗೆ 15ನೆಯ ಚಿತ್ರ ಸೇರಿಸುತ್ತಾರೆ, ಯೇಸು ಎದ್ದು ಬಂದದ್ದು. ಸಂಪ್ರದಾಯ ಬಿಡದವರು ಇದನ್ನು ಒಪ್ಪುವುದಿಲ್ಲ, ಶುಕ್ರವಾರದ ದುಃಖವನ್ನು ಶುಕ್ರವಾರಕ್ಕೇ ಬಿಡಿ ಅನ್ನುತ್ತಾರೆ. ದೊಡ್ಡವರ ಮಟ್ಟಿಗೆ ಅವರ ಮಾತಿನಲ್ಲಿ ಹುರುಳಿದೆ, ಅಳಬೇಕಾದಾಗ ಅಳಲು ಬಿಡಬೇಕು. ಮಕ್ಕಳನ್ನು ಕರೆದುಕೊಂಡು ಹೋಗುವವರು ಮಾತ್ರ ಹದಿನೈದನೆಯದರಿಂದಲೇ ಶುರು ಮಾಡುವುದು ವಾಸಿ. ಅದು ಗೋಡೆಯ ಮೇಲೆ ಇಲ್ಲದಿದ್ದರೆ ಬಾಯಲ್ಲಿ ಹೇಳಿದರೂ ನಡೆಯುತ್ತದೆ.